ಕೌಂಟರ್ ಕೈಗೆ ನಿಧಾನ ಕಲಿಸಿದ್ದು: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ರಾತ್ರಿ ನೀನು ಕಳಿಸಿದ ಆ ಹೋಂಸ್ಟೇ ಲಿಂಕ್ ಬೆಳಿಗ್ಗೆ ಓಪನ್ ಮಾಡಿ ನೋಡ್ದೆ. ಮೂರು ದಿನಕ್ಕೆ ಅಷ್ಟೊಂದು ದುಡ್ಡಂತೆ, ಹೋದ ತಕ್ಷಣ ಫೋನ್ ಇಸ್ಕೊಂಡು ಲಾಕರಲ್ಲಿ ಇಡ್ತಾರಂತೆ, ಬೆಳಿಗ್ಗೆ ಎಬ್ಬಿಸಿ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡಿಸ್ತಾರಂತೆ (ಉಂಬಳ ಕಚ್ಚೋದು ಪ್ಯಾಕೇಜಲ್ಲೇ ಸೇರಿದ್ಯಾ, ಅದಕ್ಕೆ ಎಕ್ಸ್‌ಟ್ರಾನ ಅಂತ ಬರ್ದಿಲ್ಲ), ಮಧ್ಯಾಹ್ನ ಕಡುಬು ಕಟ್ಟೋದು ಕಲಿಸ್ತಾರಂತೆ. ನಿಮ್ಮಪ್ಪಂಗೆ ಓದಿ ಹೇಳ್ದೆ. ಅವ್ರು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಅಡಿಕೆ ಸುಲಿಯೋ ಟೈಮಲ್ಲಿ ಒಂದು ಬ್ಯಾಚ್ ನಮ್ಮನೆಗೂ ಕಳಿಸಕ್ಕೆ ಹೇಳು, ದುಡ್ಡೂ ಕೊಟ್ಟು ಕೆಲ್ಸಾನೂ ಮಾಡೋ ಜನ ಈಗ ಎಲ್ಲಿ ಸಿಗ್ತಾರೆ" ಅಂದ್ರು.

ತಮಾಷೆ ಬಿಡು. ಲಿಂಕ್ ಕೆಳಗೆ ನೀನು ಬರ್ದಿದ್ದ ಸಾಲು ನೋಡಿ ನಗು ನಿಂತೋಯ್ತು. "ಅಮ್ಮ, ಏನ್ ಮಾಡಿದ್ರೂ ಖುಷಿ ಅನ್ನಿಸ್ತಿಲ್ಲ, ನಂಗೆ ಏನಿಷ್ಟ ಅಂತನೇ ಮರ್ತೋಗಿದೆ" ಅಂತ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ವಾರಗಟ್ಲೆ ಹಂಗೇ ಇದೆ ಅಂದ್ರೆ ಡಾಕ್ಟರ್ ಹತ್ರ ಹೋಗು, ಇಲ್ಲ 14416ಗೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದೇ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅದಕ್ಕೆ ಅಮ್ಮನ ಪತ್ರ ಮದ್ದಲ್ಲ. ಅಷ್ಟು ಆಗಿಲ್ಲ, ಬರೀ ಬೇಜಾರು, ಒಳಗೆ ಖಾಲಿ ಖಾಲಿ ಅಂತಿದ್ರೆ ಮುಂದೆ ಓದು, ಯಾಕಂದ್ರೆ ಅದು ನಂಗೂ ಗೊತ್ತಿರೋ ವಿಷ್ಯ.

ನಾನು ರಿಟೈರ್ ಆಗಿ ಮನೇಲಿ ಕೂತಾಗ ಎಲ್ರೂ ಇನ್ಮೇಲೆ ಆರಾಮಲ್ವಾ ಅಂದ್ರು. ಎಂತ ಆರಾಮು ಮಾರಾಯ್ತಿ. ಅಷ್ಟು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಲ್ಲಿ ಕೂತ ಕೈ ಇದು, ಹೆಬ್ಬೆರಳು ಒದ್ದೆ ಮಾಡೋದು, ನೋಟು ತಳ್ಳೋದು, ಮಷೀನ್ ಎಣಿಸಿದ್ದನ್ನೂ ಒಂದ್ಸಲ ಕೈಲಿ ಎಣಿಸಿದ್ರೇನೇ ಸಮಾಧಾನ, 2016ರ ನವೆಂಬರಲ್ಲಿ 500, 1000ದ ನೋಟು ರದ್ದಾದಾಗಂತೂ ನೀರು ಕುಡಿಯಕ್ಕೂ ಏಳದೆ ಕೂತಿದ್ದೆ, ಹೊರಗೆ ರಸ್ತೆ ತನಕ ಕ್ಯೂ. ಅದೇ ಕೈ ಮನೆಗೆ ಬಂದು ಹುರುಳಿಕಾಯಿ ಹೆಚ್ಚಿದ್ರೂ ಅದೇ ಸ್ಪೀಡು. ಎಂಟೂವರೆಗೆಲ್ಲ ತಿಂಡಿ, ಅಡಿಗೆ, ಪಾತ್ರೆ, ಬಟ್ಟೆ ಎಲ್ಲ ಮುಗ್ದು ನಡುಮನೇಲಿ ನಿಂತ್ಕೊಂಡು ಮುಂದೇನು ಅಂತ ಗಡಿಯಾರ ನೋಡೋದು. ಹತ್ತು ಗಂಟೆ ಆಗೋಷ್ಟರಲ್ಲಿ ಸಿಟ್ಟು. ಯಾರ ಮೇಲೆ ಅಂತಿಲ್ಲ. ನಿಮ್ಮಪ್ಪ ಚಪ್ಪಲಿ ಬಿಟ್ಟ ಜಾಗದ ಮೇಲೆ, ಕರು ಕೂಗಿದ್ದರ ಮೇಲೆ.

ಇದನ್ನ ಯಾವ ಹೋಂಸ್ಟೇದವ್ರೂ ಬರ್ದಿರಲ್ಲ ನೋಡು. ನಿಧಾನ ಆದ ಕೂಡ್ಲೇ ಖುಷಿ ಬರಲ್ಲ. ಮೊದ್ಲು ಸಿಟ್ಟು ಬರುತ್ತೆ, ಆಮೇಲೆ ಅಳು. ಮೂರು ದಿನದ ಪ್ಯಾಕೇಜಲ್ಲಿ ನಿಂಗೆ ಸಿಗೋದು ಬಹುಶಃ ಆ ಸಿಟ್ಟಷ್ಟೇ, ಅದು ಕಳೆದು ಮುಂದಕ್ಕೆ ಹೋಗೋಷ್ಟರಲ್ಲಿ ಚೆಕ್‌ಔಟ್ ಟೈಮ್ ಆಗಿರುತ್ತೆ.

ನಂಗೆ ದಾರಿ ಸಿಕ್ಕಿದ್ದು ದೀವರ ಕೇರಿ ದೊಡ್ಡಮ್ಮನಿಂದ. ನಿಂಗೆ ನೆನಪಿದ್ಯಲ್ಲ, ಮಳೆಗಾಲದಲ್ಲಿ ಕಳಲೆ ತಂದು ಕೊಡ್ತಿದ್ರಲ್ಲ, ಅವ್ರೇ. ಒಂದಿನ ಬಂದವ್ರು ನಾನು ಒಳಗೂ ಹೊರಗೂ ಸುತ್ತೋದು ನೋಡಿ, "ಎಂತಕ್ಕೆ ತಂಗೀ ಬಾವಿಗೆ ಬಿದ್ದ ಬೆಕ್ಕಿನ ಹಂಗೆ ಒದ್ದಾಡ್ತೀಯ, ನಮ್ಮನೆ ಗೋಡೆ ಬಳ್ದಾಗಿದೆ, ಚಿತ್ತಾರಕ್ಕೆ ಒಂದು ಕೈ ಬೇಕು ಬಾ" ಅಂತ ಕರ್ಕೊಂಡೋದ್ರು. ಅವ್ರ ಮೊಮ್ಮಗನ ಮದುವೆ ಇತ್ತು. ಮದುಮಕ್ಕಳನ್ನ ಕೂರಿಸೋ ಜಾಗದ ಹಿಂದಿನ ಗೋಡೆಗೆ ಹಸೆಗೋಡೆ ಅಂತಾರೆ, ಅದರ ಮೇಲೆ ಬರೆಯೋದು ಹಸೆ ಚಿತ್ತಾರ. ಸಾಗರ, ಸೊರಬ, ಹೊಸನಗರದ ಕಡೆ ದೀವರ ಸಮುದಾಯದ ಹೆಂಗಸ್ರು ತಲೆಮಾರುಗಳಿಂದ ಬರ್ಕೊಂಡು ಬಂದಿದ್ದು. ನೀನು ಏರ್‌ಪೋರ್ಟಲ್ಲೋ ಕರಕುಶಲ ಅಂಗಡೀಲೋ ಫ್ರೇಮ್ ಹಾಕಿದ್ದು ನೋಡಿರ್ತೀಯ. ನಾನು ಅದೇ ಊರಲ್ಲಿದ್ದು, ಅದೇ ಮನೆಗಳ ಮದುವೆ ಊಟ ಉಂಡು, ಆ ಗೋಡೇನ ನಿಂತು ನೋಡಿದ್ದೇ ಇಲ್ಲ, ಉಡುಗೊರೆ ಕವರ್ ಕೊಟ್ಟು ಊಟದ ಎಲೆ ಹತ್ರ ಓಡೋದೇ ಆಗಿತ್ತು.

ಮೊದ್ಲ ದಿನ ಬರೀ ಬಣ್ಣ ಮಾಡಿದ್ದು. ಗೋಡೆಗೆ ಕೆಮ್ಮಣ್ಣು ಆಗ್ಲೇ ಹಚ್ಚಿದ್ರು. ಬಿಳಿಗೆ ನೆನೆಸಿದ ಅಕ್ಕಿ, ಅದನ್ನ ಒರಳಲ್ಲಿ ಅರೀಬೇಕು. ಮಿಕ್ಸಿ ಇದೆ ಮನೇಲಿ, ಹಾಕಲ್ಲ, ನುಣ್ಣಗಾಗಲ್ಲ ಅಂತಾರೆ. ಕಪ್ಪಿಗೆ ಅಕ್ಕೀನೇ ಕರ್ರಗೆ ಸೀಯೋ ತನಕ ಹುರಿದು ಅರೆಯೋದು. ಹಳದಿಗೆ ಗುರಿಗೆ ಕಾಯಿ. ಬ್ರಷ್ಷು ಅಂದ್ರೆ ಪುಂಡಿ ನಾರು. ಅಷ್ಟೇ, ಅಂಗಡಿಯಿಂದ ತರೋದು ಏನೂ ಇಲ್ಲ.

ನಾನು ಅರೆಯಕ್ಕೆ ಕೂತೆ, ಅದೇ ಕೌಂಟರ್ ಸ್ಪೀಡಲ್ಲಿ. ಅಕ್ಕಿ ಎಲ್ಲ ಒರಳಿಂದ ಹಾರಿ ಸೀರೆ ಮೇಲೆ. ಯಾರೂ ಏನೂ ಅನ್ಲಿಲ್ಲ. ಸುಮಾರು ಹೊತ್ತಾದ್ಮೇಲೆ ಕೈ ತಾನಾಗೇ ಕಲ್ಲಿನ ಲೆಕ್ಕಕ್ಕೆ ಇಳೀತು, ಅಲ್ಲಿಂದ ಅರೆಯೋದು ಸಲೀಸಾಯ್ತು, ಸಲೀಸಾದ ತಕ್ಷಣ ಎಲ್ಲಿತ್ತೋ ಏನೋ ನಮ್ಮಮ್ಮನ ನೆನಪು ಬಂತು. ಅವ್ರು ತೀರ್ಕೊಂಡಿದ್ದು ಮಾರ್ಚ್ ಎಂಡಿಂಗ್ ಟೈಮಲ್ಲಿ ಅಲ್ವಾ, ಹದಿಮೂರರ ಊಟ ಮುಗಿಸಿ ಮಾರನೇ ದಿನಾನೇ ನಾನು ಕೌಂಟರಲ್ಲಿದ್ದೆ, ಅಳಕ್ಕೆ ಅಂತ ಕೂತಿದ್ದೇ ನೆನಪಿಲ್ಲ. ಅವತ್ತು ಒರಳ ಮುಂದೆ ಅತ್ತೆ. ಅಕ್ಕಿ ಹಿಟ್ಟಿನ ಕೈಲೇ ಕಣ್ಣೊರೆಸಿಕೊಂಡು ಮುಖ ಎಲ್ಲ ಬೆಳ್ಳಗೆ. ದೊಡ್ಡಮ್ಮ ನೋಡಿದ್ರು, ಏನಾಯ್ತು ಅಂತ ಕೇಳ್ಲಿಲ್ಲ, ಇನ್ನೊಂದು ಸೇರು ಅಕ್ಕಿ ತಂದು ಮುಂದೆ ಇಟ್ರು. ಅದಕ್ಕಿಂತ ದೊಡ್ಡ ಉಪಕಾರ ನಂಗೆ ಯಾರೂ ಮಾಡಿಲ್ಲ ಅಂತ ಈಗ್ಲೂ ಅನ್ಸುತ್ತೆ.

ಗೆರೆ ಎಳೆಯೋದು ಇನ್ನೂ ಕಷ್ಟ. ನಾರನ್ನ ಅಕ್ಕಿ ಬಣ್ಣದಲ್ಲಿ ಅದ್ದಿ, ಬಟ್ಟಲ ಅಂಚಿಗೆ ಸವರಿ ಎಳೀಬೇಕು. ತೆಳ್ಳಗಿದ್ರೆ ಕೆಮ್ಮಣ್ಣಿನ ಮೇಲೆ ಇಳಿದು ಹೋಗುತ್ತೆ, ಗಟ್ಟಿ ಇದ್ರೆ ಒಣಗಿದ ಮೇಲೆ ಚಕ್ಕೆ ಏಳುತ್ತೆ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ. ನಾರಲ್ಲಿರೋ ಬಣ್ಣ ಮುಗಿಯೋ ತನಕ ಒಂದೇ ಎಳೆತ, ನಡುವೆ ಉಸಿರು ಬಿಟ್ರೆ ಗೆರೆ ಅಲ್ಲೇ ಒಂಚೂರು ನಡುಗುತ್ತೆ, ಆ ನಡುಗಿದ ಜಾಗ ಆಮೇಲೆ ಕಣ್ಣಿಗೆ ಕಾಣ್ತಾನೇ ಇರುತ್ತೆ. ಮೊದ್ಲ ಗೆರೆ ನೋಡಿ ದೊಡ್ಡಮ್ಮ ಹೇಳಿದ್ದು ಇಷ್ಟೇ: "ನೋಟು ಎಣಿಸ್ದಂಗೆ ಎಳೀಬ್ಯಾಡ." ಮೂಲೇಲಿ ಯಾರಿಗೂ ಕಾಣದ ಕಡೆ ನಂಗೆ ಜಾಗ ಕೊಟ್ರು. ಜೋಗಿ ಜಡೆ ಅಂತ ಒಂದು ನಮೂನೆ ಇದೆ, ಅದರ ಅಂಚಿನ ಗೆರೆ ಮಾತ್ರ ನಂದು. ಸಂಜೆ ಆಗಿದ್ದು ಗೊತ್ತಾಗ್ಲಿಲ್ಲ. ನಿಮ್ಮಪ್ಪ ಟಾರ್ಚ್ ಹಿಡ್ಕೊಂಡು ಹುಡುಕ್ಕೊಂಡು ಬಂದ್ರು, ಮನೇಲಿ ಒಲೆ ಕೂಡ ಹಚ್ಚಿಲ್ಲ ಅಂತ. ನಾನು ಗೋಡೆ ಕಡೆ ಕೈ ತೋರಿಸಿ ಇದು ನಂದು ಅಂದೆ. ಅಷ್ಟು ಜೋರಾಗಿ ಇದು ನಂದು ಅಂತ ಯಾವತ್ತು ಹೇಳಿದ್ನೋ ಗೊತ್ತಿಲ್ಲ, ಮನೆ ರಿಜಿಸ್ಟರ್ ಆದ ದಿನಾನೂ ಹೇಳಿರ್ಲಿಲ್ಲ.

ಆಮೇಲೆ ಒಂದೊಂದೇ ಗೊತ್ತಾಗ್ತಾ ಬಂತು. ನಂಗೆ ಟೀ ಇಷ್ಟನೇ ಇಲ್ಲ ಪುಟ್ಟಿ! ಅಷ್ಟು ವರ್ಷ ಕುಡ್ದೆ, ಬ್ಯಾಂಕಲ್ಲಿ ಹನ್ನೊಂದು ಗಂಟೆಗೆ ಹುಡುಗ ತಂದಿಡ್ತಿದ್ದ, ಎಲ್ರೂ ಕುಡೀತಿದ್ರು, ನಾನೂ ಕುಡೀತಿದ್ದೆ. ಒಂದಿನ ಬೆಳಿಗ್ಗೆ ಜಗಲಿ ಮೇಲೆ ಕೂತು ಗುಟುಕು ಗುಟುಕಾಗಿ ಕುಡೀತಾ ಇದೆಂತ ಕಹಿ ನೀರು ಅನ್ನಿಸ್ತು. ಈಗ ಜೀರಿಗೆ ಕೊತ್ತಂಬರಿ ಕಷಾಯ, ಬೆಲ್ಲ ಹಾಕಿ. ಸೀರಿಯಲ್ ಇಷ್ಟ ಇಲ್ಲ. ಕರೆದ ಫಂಕ್ಷನ್ನಿಗೆಲ್ಲ ಹೋಗೋದು ಇಷ್ಟ ಇಲ್ಲ, ಬರಲ್ಲ ಅಂತ ಹೇಳ್ತೀನಿ, ಕೆಲವ್ರಿಗೆ ಬೇಜಾರಾಗಿದೆ, ಆಗ್ಲಿ. ನಿಂಗೆ ಏನಿಷ್ಟ ಅಂತ ಮರ್ತೋಗಿದೆ ಅಂದ್ಯಲ್ಲ, ನಂಗೆ ಅನ್ಸೋದು, ಇಷ್ಟ ಇಲ್ಲದ್ದು ಮೊದ್ಲು ಗೊತ್ತಾಗುತ್ತೆ, ಇಷ್ಟ ಇರೋದು ಅದರ ಹಿಂದೆ ಬರುತ್ತೆ. ಹಾಗಾಗಿ ಈಗಲೇ ಪ್ಯಾಶನ್ ಹುಡುಕ್ಕೊಂಡು ಹೊರಡ್ಬೇಡ. ತಟ್ಟೇಲಿರೋದನ್ನ ನಿಧಾನವಾಗಿ ಉಂಡು ನೋಡು, ರುಚಿ ಹಿಡಿಸದ್ದು ಯಾವ್ದು ಅಂತ ಗೊತ್ತಾದ್ರೂ ಲಾಭನೇ.

ಎಲ್ಲಾನೂ ನಿಧಾನ ಮಾಡು ಅಂತ ಮಾತ್ರ ನಾನು ಹೇಳ್ತಿಲ್ಲ. ಹಂಗೆ ಹೇಳೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ. ತೋಟಕ್ಕೆ ಕೊಳೆ ಮದ್ದು ಹೊಡೆಯೋ ಟೈಮಲ್ಲಿ ನಿಮ್ಮಪ್ಪನ ನೋಡಿದೀಯಲ್ಲ, ಮಳೆ ಹೊಳವು ಕೊಟ್ಟ ಒಂದೆರಡು ದಿನದಲ್ಲಿ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು ಅಂತ ಬೋರ್ಡೋ ದ್ರಾವಣ ಕಲಿಸಿ, ಅಡಿಕೆ ಮರ ಹತ್ತೋ ಕೊನೆಗೌಡನ್ನ ಕಾಡಿ ಬೇಡಿ ಕರ್ಕೊಂಡು ಬಂದು ಹೊಡೆಸ್ಲೇಬೇಕು. ಅವಾಗ ಹೋಗಿ ಸ್ವಲ್ಪ ಸ್ಲೋ ಆಗಿ ಅಂದ್ರೆ ಕೊಳೆರೋಗ ಕಾಯ್ತಾ ಕೂರಲ್ಲ, ವರ್ಷದ ಫಸಲು ಮರದ ಬುಡದಲ್ಲಿರುತ್ತೆ. ಇನ್ನು ಶರಾವತಿ ಹಿನ್ನೀರು ದಾಟಿಸ್ತಿದ್ದ ಲಾಂಚ್ ವಿಷ್ಯ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಯ್ತಲ್ಲ, ನಿನ್ನ ಫ್ರೆಂಡ್ಸ್ ಎಲ್ಲ ಅಯ್ಯೋ ಲಾಂಚಿನ ಮಜಾ ಹೋಯ್ತು, ಆ ಕಾಯೋದೇ ಚಂದ ಇತ್ತು ಅಂತ ಸ್ಟೇಟಸ್ ಹಾಕಿದ್ರು ಅಂತ ನೀನೇ ತೋರಿಸಿದ್ದೆ. ಹಿನ್ನೀರಿನ ಆಚೆ ತುಮರಿ ಕಡೆಯವ್ರನ್ನ ಕೇಳು ಆ ಚಂದ ಏನು ಅಂತ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ಶರಾವತಿ ಹಿನ್ನೀರು ನಿಂತ್ಮೇಲೆ ಅರವತ್ತು ವರ್ಷ ಅವ್ರು ಕಾದಿದ್ದಾರೆ, ಹೆರಿಗೆ ನೋವಿಗೂ ಕಾದಿದ್ದಾರೆ, ಹಾವು ಕಚ್ಚಿದ್ರೂ ಕಾದಿದ್ದಾರೆ, ಕತ್ತಲಾದ್ಮೇಲೆ ಲಾಂಚ್ ಇರ್ತಿರ್ಲಿಲ್ಲ. ಇಡೀ ನಾಡಿಗೆ ಕರೆಂಟ್ ಕೊಟ್ಟು ತಾವು ದಡದಲ್ಲಿ ನಿಂತ್ಕೊಂಡಿದ್ದವ್ರು. ನಮ್ಮ ಚಿಕ್ಕಮ್ಮನ ಮನೆ ಆ ಕಡೆ ಇತ್ತಲ್ಲ, ಸೇತುವೆ ಮೇಲೆ ಮೊದ್ಲ ಸಲ ಹೋದಾಗ ಅವ್ರು ಕಾರಿಂದ ಇಳಿದು ನೋಡ್ಲೂ ಇಲ್ಲ, ನಡಿ ನಡಿ ಬೇಗ ಅಂದ್ರು. ಬೇರೆಯವ್ರು ಹೇರಿದ ಕಾಯುವಿಕೆ ಬೇರೆ, ನೀನಾಗೇ ಇಳಿಸ್ಕೊಂಡ ವೇಗ ಬೇರೆ. ನಿಂಗೆ ಇಳಿಸ್ಕೊಳ್ಳೋ ಅವಕಾಶ ಇದೆ, ಅದಿರೋದು ಪುಣ್ಯ ಅಂತ ತಿಳ್ಕೋ.

ಕೆಲಸ ಬಿಡು ಅಂತಾನೂ ಹೇಳ್ತಿಲ್ಲ, ಫ್ಲಾಟ್ ಇಎಂಐ ಇದೆ ಅಂತ ನಂಗೂ ಗೊತ್ತು. ಬೆಂಗ್ಳೂರಲ್ಲೇ ಇದ್ದು ಕೈಗೆ ಒಂದೇ ಒಂದು ಕೆಲಸ ಕೊಡು ಅಂತೀನಿ. ಕೈ ಅಂತ ಯಾಕೆ ಹೇಳ್ತೀನಂದ್ರೆ ತಲೆಗೆ ಸುಮ್ನಿರು ಅಂದ್ರೆ ಅದು ಕೇಳಲ್ಲ, ಕೈ ಒಂದರಲ್ಲಿ ಸಿಕ್ಕಾಕಿಕೊಂಡ್ರೆ ತಲೆ ಹಿಂದಿನಿಂದ ಬರುತ್ತೆ. ದೋಸೆ ಹಿಟ್ಟು ಅರಿ, ಬಟ್ಟೆ ಹೊಲಿ, ಬಾಲ್ಕನೀಲಿ ಬಸಳೆ ಹಬ್ಬಿಸು. ಕೋರ್ಸಿಗೆ ಸೇರ್ಬೇಡ ಮಾತ್ರ, ಸರ್ಟಿಫಿಕೇಟ್ ಬಂದ್ರೆ ಅದೂ ಆಫೀಸೇ ಆಗುತ್ತೆ. ಇನ್‌ಸ್ಟಾಗ್ರಾಂಗೂ ಹಾಕ್ಬೇಡ, ಕನಿಷ್ಠ ಶುರುವಲ್ಲಿ. ಅವತ್ತು ಗೋಡೆ ಫೋಟೋ ನಾನೂ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ, ಆಮೇಲೆ ಎರಡು ದಿನ ಗೆರೆ ಎಳೆಯೋದು ಬಿಟ್ಟು ಯಾರ್ಯಾರು ನೋಡಿದ್ರು ಅಂತ ಫೋನ್ ತಿರುವಿದ್ದೇ ಆಯ್ತು (ನಿನ್ನ ಸೋದರಮಾವ ಮಾತ್ರ ಥಂಬ್ಸ್ ಅಪ್ ಹಾಕಿದ್ದು).

ಈಗ ಕೇಳು, ದಸರಾ ಮುಗೀತಿದ್ದಂಗೆ ದೊಡ್ಡಮ್ಮನ ಮನೇಲಿ ಭೂಮಣ್ಣಿ ಬುಟ್ಟಿ ಕೆಲಸ ಶುರುವಾಗುತ್ತೆ. ಭೂಮಿ ಹುಣ್ಣಿಮೆಗೆ, ಅದೇ ಶೀಗಿ ಹುಣ್ಣಿಮೆ, ಭತ್ತ ಹೊಡೆ ತುಂಬೋ ಹೊತ್ತು ಅಲ್ವಾ, ಭೂಮ್ತಾಯಿ ಬಸುರಿ ಅಂತ ಲೆಕ್ಕ, ಅವಳಿಗೆ ಸೀಮಂತದ ಬಯಕೆ ಊಟ. ಹೆಂಗಸ್ರು ರಾತ್ರಿ ಪೂರ್ತಿ ಅಡಿಗೆ ಮಾಡಿ, ಕಡುಬು, ಸೊಪ್ಪು ಸದೆ ಎಲ್ಲ ಸೇರಿಸಿ ಆ ಬುಟ್ಟೀಲಿ ತುಂಬಿ ಕೊಡ್ತಾರೆ, ಬೆಳಗಾಗೋ ಮುಂಚೆ ಗಂಡಸ್ರು ಗದ್ದೆಗೆ ಹೊತ್ಕೊಂಡೋಗಿ ಬೀರ್ತಾರೆ. ಬುಟ್ಟಿಗೂ ಕೆಮ್ಮಣ್ಣು ಬಳಿದು ಚಿತ್ತಾರ ಬರೀಬೇಕು, ಬಿದಿರಿನ ಹೆಣಿಗೆ ಮೇಲೆ ಗೆರೆ ನಿಲ್ಲಿಸೋದು ಗೋಡೆಗಿಂತ ಕಷ್ಟ, ಈ ಸಲ ಸಣ್ಣ ಬುಟ್ಟಿ ನಂಗೇ ಬಿಡ್ತೀನಿ ಅಂದಿದ್ದಾರೆ. ನೀನು ಬರೋದಾದ್ರೆ ಹುಣ್ಣಿಮೆ ದಿನ ಬರ್ಬೇಡ, ಆವತ್ತು ಬಂದ್ರೆ ಉಂಡು ಹೋಗೋ ನೆಂಟ್ರ ಲೆಕ್ಕ. ಮೂರ್ನಾಲ್ಕು ದಿನ ಮುಂಚೆ ಬಾ. ರಾತ್ರಿ ತಾಳಗುಪ್ಪ ರೈಲಿಗೆ ಈಗ್ಲೇ ಬುಕ್ ಮಾಡು, ಹಬ್ಬಕ್ಕೆ ವೇಟಿಂಗ್ ಲಿಸ್ಟ್ ಆಗುತ್ತೆ. ಸಾಗರ ಸ್ಟೇಷನ್ನಿಗೆ ಅಪ್ಪ ಬರ್ತಾರೆ. ಹಳೇ ಚೂಡಿದಾರ್ ಒಂದು ತಾ, ಕೆಮ್ಮಣ್ಣು ಹತ್ತಿದ್ರೆ ಹೋಗಲ್ಲ. ಅಕ್ಕಿ ಅರೆಯೋದು ನಿಂಗೆ ಅಂತ ಆಗ್ಲೇ ಹೇಳಿಟ್ಟಿದೀನಿ.

ಅಮ್ಮ