ಭಾನುವಾರದ ಮಾತುಕತೆ: ಅಂಗ್ಕೋರ್ ಮೇಲೆ ಹಾರಿದ ರಾಡಾರ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ಆನ್‌ಲೈನ್ ಮಾತುಕತೆ ಇದೆ. ವಿಷಯ ಕಾಂಬೋಡಿಯಾದ ಹಳೆಯ ರಾಜಧಾನಿ ಅಂಗ್ಕೋರ್.

2000ದಲ್ಲಿ ನಾಸಾದ ಡಿಸಿ-8 ವಿಮಾನ, ರೇಡಿಯೊ ಅಲೆಗಳಿಂದ ನೆಲದ ಚಿತ್ರ ತೆಗೆಯುವ ಏರ್‌ಸಾರ್ ಎಂಬ ರಾಡಾರ್ ಹೊತ್ತು ಅಲ್ಲಿ ಹಾರಿತ್ತು. ಮಣ್ಣು ತುಂಬಿ ಮರೆಯಾದ ಕಾಲುವೆ, ಕೆರೆ ಏರಿಗಳ ಗೆರೆಗಳು ಆ ಚಿತ್ರಗಳಲ್ಲಿ ಕಾಣಿಸಿದವು. ಗದ್ದೆಯಲ್ಲಿ ನಿಂತು ನೋಡಿದರೆ ಅದು ಬರೀ ಸಣ್ಣ ದಿಬ್ಬ, ಅಷ್ಟೇ!

ಒಂದು ಮಾತು ನೆನಪಿರಲಿ. ರಾಡಾರ್ ಅಲೆ ಒಣ ಮರಳಿನೊಳಗೆ ಇಳಿಯುತ್ತದೆ, ಒದ್ದೆ ಮಣ್ಣಿನೊಳಗೆ ಅಷ್ಟಾಗಿ ಇಳಿಯುವುದಿಲ್ಲ. ಅಂಗ್ಕೋರ್‌ನಲ್ಲಿ ಸುಳಿವು ಕೊಟ್ಟಿದ್ದು ನೆಲದ ಏರುತಗ್ಗು, ಗಿಡ ಮತ್ತು ತೇವದ ವ್ಯತ್ಯಾಸ. ಇದನ್ನೇ ಜಾಸ್ತಿ ಹೊತ್ತು ಮಾತಾಡೋಣ.

ಮೇಲೆ ಹಾಕಿರುವ ಎರಡು ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ನೇರ ಗೆರೆ ಕಂಡಲ್ಲಿ ಗುರುತು ಹಾಕಿ ಶನಿವಾರದೊಳಗೆ ಕಳಿಸಿ. ಬರುವವರು ಇಲ್ಲೇ ‘ಬರ್ತೀನಿ’ ಅಂತ ಹಾಕಿ, ದಯವಿಟ್ಟು.