ಮಗಳಿಗೊಂದು ಪತ್ರ: ಎಮ್ಮೆ ಹಾಡು ಮುಗಿದ ಮೇಲೆ

ನವನಗರ, ಬಾಗಲಕೋಟೆ

ನನ್ನವ್ವಾ,

ದೀಪಾವಳಿಗೆ ಬಂದಾಗ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನೀನು ಎಲ್ಲೆಲ್ಲೋ ಹುಡುಕಿ, ಮೊಬೈಲಿನಿಂದ ದೊಡ್ಡ ಟಿವಿಗೆ ಜೋಡಿಸಿ 'ಸಂಪತ್ತಿಗೆ ಸವಾಲ್' ಸಿನಿಮಾ ಹಾಕಿದ್ದೆ. ಅವ್ವನಿಗೆ ಖುಷಿಯಾಗಲಿ ಅಂತ. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ತನಕ ನಾನೂ ಕೂತಿದ್ದೆ. ಹಾಡು ಮುಗಿದದ್ದೇ ತಡ, ಎದ್ದು ಅಡುಗೆಮನೆಗೆ ಹೋದೆ. "ಯಾಕಬೇ, ಸೇರಲಿಲ್ಲೇನು?" ಅಂತ ನೀನು ಕೇಳಿದೆ. ಒಲೆ ಮೇಲೆ ಹಾಲಿಟ್ಟೀನಿ ಅಂದುಬಿಟ್ಟೆ. ಹಾಲು ಇಟ್ಟಿರಲಿಲ್ಲ. ನಿನ್ನ ಮುಖ ಸಣ್ಣದಾದದ್ದು ನನಗೆ ಕಂಡಿತು. ಫೋನಿನಲ್ಲಿ ಹೇಳೋಣ ಅಂದರೆ ಅರ್ಧಕ್ಕೇ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಳೇ ಮನೆ ಊರೊಳಗೆ ಕಿಲ್ಲಾ ಓಣಿಯಲ್ಲಿತ್ತು. ಟಿವಿ ಇದ್ದದ್ದು ಎದುರಿನ ಮಾಸ್ತರ ಮನೆಯಲ್ಲಿ. ನಾಲ್ಕು ಕಾಲಿನ ಕಟ್ಟಿಗೆ ಪೆಟ್ಟಿಗೆ, ಎರಡೂ ಕಡೆ ಸರಿಯುವ ಬಾಗಿಲು, ಅದಕ್ಕೊಂದು ಕೀಲಿ. ಕೀಲಿಕೈ ಯಾವಾಗಲೂ ಮಾಸ್ತರ ಹೆಂಡತಿ ಕಾಕೂನ ಸೆರಗಿನ ತುದಿಯಲ್ಲಿ. ಟಿವಿ ಕಪ್ಪು-ಬಿಳುಪಿನದು. ಆದರೆ ಗಾಜಿನ ಮುಂದೆ ಒಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಗಿಸಿದ್ದರು. ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು. ಹೊಲ ತೋರಿಸಿದರೆ ಆಕಾಶ ನೀಲಿ, ಬೆಳೆ ಹಸಿರು, ಎಷ್ಟು ಚಂದ ಅಂತೀ! ಯಾರದಾದರೂ ಮುಖ ಹತ್ತಿರ ಬಂದರೆ ಮಾತ್ರ ಹಣೆ ನೀಲಿ, ಗದ್ದ ಹಸಿರು. ನಮಗೆ ಅದೇ ಕಲರ್ ಟಿವಿ.

ರವಿವಾರ ಸಂಜೆ ಕನ್ನಡ ಸಿನಿಮಾ ಇದ್ದರೆ ಮಧ್ಯಾಹ್ನವೇ ಎಲ್ಲರ ಮನೆಯ ಕಸ-ಮುಸುರಿ ಮುಗಿದಿರುತ್ತಿತ್ತು. ಮಾಸ್ತರ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಿದ್ದರು. ಮಕ್ಕಳು ಮುಂದೆ, ಹೆಂಗಸರು ಹಿಂದೆ, ಗಂಡಸರು ಹೊರಗೆ ಕಟ್ಟೆ ಮೇಲೆ ನಿಂತು ಕಿಟಕಿಯೊಳಗಿಂದ. ನಿನ್ನ ಮಾಮ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ. "ಬಂತೇನ್ರೋ?" "ಬಂತು, ಬಂತು... ಹೋತು! ಸ್ವಲ್ಪ ಹಿಂದಕ್ಕ ತಿರುವೋ!" ಅವನ ಅರ್ಧ ಸಿನಿಮಾ ಮಾಳಿಗೆ ಮೇಲೇ ಮುಗಿಯುತ್ತಿತ್ತು, ಪಾಪ. ಕಾಕು ಒಂದು ಪರಾತದ ತುಂಬ ಒಗ್ಗರಣೆ ಚುರಮರಿ ತಂದು ನಡುವೆ ಇಡುತ್ತಿದ್ದರು. ಯಾರ ಮನೆಯ ಮಕ್ಕಳು ಅಂತ ನೋಡಿದವರಲ್ಲ.

ಟಿವಿ ನಮ್ಮ ಕಡೆಗೆ ತಡವಾಗಿ ಬಂತು ಅಂತ ನೀನು ತಿಳಿದಿರಬೇಕು. ನಿಮ್ಮಜ್ಜ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದವರ ಉಪಗ್ರಹ ಎರವಲು ಪಡೆದು ದೇಶದ ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದ್ದರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲ್ಬರ್ಗಾ ಮತ್ತು ನಮ್ಮ ವಿಜಾಪುರ ಜಿಲ್ಲೆ. ಆಗ ಬಾಗಲಕೋಟೆಯೂ ಅದೇ ಜಿಲ್ಲೆಯಲ್ಲಿತ್ತು. ಅಜ್ಜನ ಅಕ್ಕನ ಊರಿನಲ್ಲಿ ಕೋಳಿ ಬಲೆಯ ತಂತಿಯಿಂದ ಮಾಡಿದ ದೊಡ್ಡ ಬುಟ್ಟಿಯಂಥ ಆಂಟೆನಾ ನಿಲ್ಲಿಸಿದ್ದರಂತೆ. ಸಂಜೆಗೆ ಒಕ್ಕಲುತನ, ಆರೋಗ್ಯದ ಮಾತು. ಬೆಂಗಳೂರಿನ ದೂರದರ್ಶನ ಶುರುವಾದದ್ದು 1981ರಲ್ಲಿ. "ಬೆಂಗಳೂರಾಗ ಇಲ್ಲದಾಗ ನಮ್ಮ ಹಳ್ಯಾಗ ಟಿವಿ ಇತ್ತು" ಅಂತ ಅಜ್ಜ ಎದೆ ಉಬ್ಬಿಸಿ ಹೇಳುತ್ತಿದ್ದರು. ಅವರು ಹೇಳುವಾಗ ನನಗೂ ಹೆಮ್ಮೆ ಅನ್ನಿಸುತ್ತಿತ್ತು.

ಈಗ ಆ ಸಂಜೆಯ ಮಾತು. 1988ರ ಶ್ರಾವಣ. ರಾಮಾಯಣ ಮುಗಿದಿತ್ತು, ಮಹಾಭಾರತ ಇನ್ನೂ ಶುರುವಾಗಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಅವತ್ತು 'ಸಂಪತ್ತಿಗೆ ಸವಾಲ್' ಇತ್ತು. ಆಯಿ, ಅಂದರೆ ನನ್ನ ಅಪ್ಪನ ಅವ್ವ, ಯಾವತ್ತೂ ಟಿವಿ ನೋಡಲು ಬರುತ್ತಿರಲಿಲ್ಲ. ಅವತ್ತು ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಯಾಕೆ ಗೊತ್ತಾ? ಅದು ಸಿನಿಮಾ ಆಗುವ ಮೊದಲು ನಾಟಕವಾಗಿತ್ತು. ಬರೆದ ಪಿ.ಬಿ. ಧುತ್ತರಗಿಯವರು ನಮ್ಮ ಹುನಗುಂದ ತಾಲೂಕಿನವರು. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತವಲ್ಲ, ಅಲ್ಲಿ ಆಯಿ ಆ ನಾಟಕವನ್ನು ರಾತ್ರಿಯಿಡೀ ಕೂತು ನೋಡಿದ್ದಳು. ಒಂದು ಸಲ ಅಲ್ಲ, ಮೂರು ವರ್ಷ ಮೂರು ಸಲ.

ಎಮ್ಮೆ ಹಾಡು ಬಂತು. ಅಲ್ಲಿಯ ತನಕ ರಾಜಕುಮಾರ್‌ಗೆ ಜಾಸ್ತಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಈ ಹಾಡು ರಾಜಕುಮಾರ್ ಅವರ ಸ್ವಂತ ದನಿ. ಮಕ್ಕಳೆಲ್ಲ ಚಪ್ಪಾಳೆ ಹೊಡೆದೆವು. ಹಾಡು ಮುಗಿಯಿತು, ಟಪ್ಪಂತ ಕರೆಂಟು ಹೋಯಿತು.

ಪರದೆ ನಡುವೆ ಒಂದು ಬಿಳಿ ಚುಕ್ಕಿ ಉಳಿಯಿತು. ಅದೂ ಆರಿತು. ಕಾಕು ಕಂದೀಲು ಹುಡುಕುತ್ತಿದ್ದರು. ಗಂಡಸರು ಬೀಡಿ ಹಚ್ಚಿದ್ದು ಕಿಟಕಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಯಾರೋ ಏಳಲು ಹೋದರು. ಆಗ ಕಂಬದ ಕಡೆಯಿಂದ ಆಯಿಯ ದನಿ ಬಂತು. "ಕುಂಡ್ರಿ, ಎಲ್ಲಿ ಹೊಂಟೀರಿ? ಮುಂದಿಂದು ನಾ ಹೇಳತೇನಿ."

ಹೇಳಿದಳವ್ವಾ. ಸುಮ್ನೆ ಕಥೆ ಹೇಳಲಿಲ್ಲ, ಒಬ್ಬೊಬ್ಬರ ಮಾತನ್ನು ಅವರವರ ದನಿಯಲ್ಲೇ ಆಡಿದಳು. ಸಾಹುಕಾರನ ಮಾತಿಗೆ ಗಂಟಲು ದಪ್ಪ ಮಾಡಿಕೊಂಡಳು. ಸೊಕ್ಕಿನ ಹುಡುಗಿಯ ಮಾತಿಗೆ ಬಳೆ ಸದ್ದು ಮಾಡಿದಳು. ನಡುವೆ ಎರಡು ಹಾಡೂ ಹಾಡಿದಳು. ಆಯಿ ಹಾಡುತ್ತಾಳೆ ಅಂತ ನಮ್ಮ ಮನೆಯಲ್ಲೇ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ಜನ ಕತ್ತಲೆಯಲ್ಲಿ ಕೆಮ್ಮದೆ ಕೂತಿದ್ದೆವು. ಕಂದೀಲು ಬಂದಾಗ ನೋಡಿದರೆ, ನಮ್ಮಪ್ಪ ಕಿಟಕಿಯ ಸರಳು ಹಿಡಿದು ತನ್ನ ಅವ್ವನನ್ನೇ ನೋಡುತ್ತಿದ್ದರು. ಕರೆಂಟು ಬಂದಾಗ ಟಿವಿಯಲ್ಲಿ ವಾರ್ತೆ ನಡೆದಿತ್ತು. ಕಾಕು ಎದ್ದು ಟಿವಿಯ ದನಿ ಸಣ್ಣ ಮಾಡಿದರು. ಆಯಿಯ ಕಥೆ ಇನ್ನೂ ಮುಗಿದಿರಲಿಲ್ಲ.

ಮಾಸ್ತರ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದನ್ನು ಒತ್ತಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮುಂದಿನ ಯುಗಾದಿಗೆ ಆಯಿ ಇರಲಿಲ್ಲ.

ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಗುಂಟ ನಮ್ಮ ಊರಿಗೆ ಬಂತು. ಓಣಿ ಹೋಗಿ ಈ ನವನಗರದ ಸೆಕ್ಟರ್ ನಂಬರ್ ಬಂತು. ಎಲ್ಲರೂ ತಮ್ಮ ತಮ್ಮ ತೊಲೆ, ಬಾಗಿಲು, ಕಿಟಕಿ ಕಿತ್ತು ಟ್ರ್ಯಾಕ್ಟರಿಗೆ ಹಾಕಿದರು. ನಮ್ಮ ದೇವರ ಮನೆಯ ಬಾಗಿಲು ಅಲ್ಲಿಂದ ಬಂದದ್ದೇ. ಮಾಸ್ತರ ಮನೆಯವರು ಬೇರೆ ಊರಿಗೆ ಹೋದರು. ಆಯಿ ಒರಗಿ ಕೂತ ಕಂಬ ಏನಾಯಿತೋ. ಮಗಳು, ಅಳಿಯ, ಮನೆ, ನೌಕರಿ ಅಂತ ಇಷ್ಟು ವರ್ಷ ಕಳೆದರೂ ಆ ಸಂಜೆ ನೆನಪಾದರೆ ನನ್ನ ಕಿವಿ ಈಗಲೂ ಆ ಬಳೆ ಸದ್ದಿಗೆ ಕಾಯುತ್ತದೆ.

ಆ ಸಿನಿಮಾ ಆಮೇಲೆ ಎಷ್ಟೋ ಸಲ ಟಿವಿಯಲ್ಲಿ ಬಂದಿದೆ. ನಾನು ಎಮ್ಮೆ ಹಾಡಿನ ತನಕ ನೋಡುತ್ತೇನೆ, ಅಷ್ಟೇ. ಅದರ ಮುಂದಿನದ್ದು ನನ್ನಲ್ಲಿ ಆಯಿಯ ದನಿಯಲ್ಲಿ ಇದೆ. ಪರದೆ ಮೇಲೆ ಬೇರೆಯವರು ಆ ಮಾತು ಆಡಿದ್ದನ್ನು ಕೇಳಿದರೆ ಅವಳ ದನಿ ಅಳಿಸಿಹೋಗುತ್ತದೇನೋ ಅಂತ ಹೆದರಿಕೆ. ಅವತ್ತು ಎದ್ದು ಹೋದದ್ದು ಇದಕ್ಕೇ. ನೀನು ಹಾಕಿದ್ದು ಸೇರಲಿಲ್ಲ ಅಂತಲ್ಲ, ನನ್ನವ್ವಾ.

ಹೋಳಿ ಹಬ್ಬಕ್ಕೆ ಬಾ. ಓಕುಳಿ ಬಂಡಿ ನೋಡಿ ವರ್ಷಗಳೇ ಆದವು ನೀನು. ಹಲಗೆ ಸದ್ದು ಮುಗಿದ ಮೇಲೆ ರಾತ್ರಿ ಮತ್ತೆ ಆ ಸಿನಿಮಾ ಹಾಕು, ಎಮ್ಮೆ ಹಾಡು ಮುಗಿದ ಕೂಡಲೇ ಬಂದ್ ಮಾಡು. ಲೈಟೂ ಆರಿಸು. ನನಗೆ ಆಯಿಯಷ್ಟು ಚಲೋ ಹಾಡಲು ಬರುವುದಿಲ್ಲ, ಆದರೆ ಒಂದು ಮಾತೂ ಮರೆತಿಲ್ಲ. ನೀನು ಪೂರ್ತಿ ನೋಡಿದ್ದರೆ ಕಥೆ ಹಾಗಲ್ಲ, ಹೀಗೆ ಅಂತ ನಡುವೆ ಬಾಯಿ ಹಾಕಬೇಡ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೋ, ಬೇಡ ಅನ್ನುವುದಿಲ್ಲ.

ಚುರಮರಿ ತಂದಿಟ್ಟಿದ್ದೇನೆ. ಬರುವ ದಿನ ಮೊದಲೇ ತಿಳಿಸು, ಅಪ್ಪ ಸ್ಟೇಶನ್ನಿಗೆ ಬರುತ್ತಾರೆ.

ನಿನ್ನ ಅವ್ವ