ಅಮ್ಮಾ, ಸಂಘ ಬಿಡಬೇಡ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪನ ಮಂಡಿನೋವು ಕಡಿಮೆಯಾಗಿದೆ ಅಂತ ಅಣ್ಣ ಹೇಳಿದ, ಸಮಾಧಾನವಾಯಿತು. ಮೊನ್ನೆ ಫೋನಿನಲ್ಲಿ ನೀನು ಮಹಿಳಾ ಸಂಘದ ವಿಷಯ ಹೇಳಿದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ಬರೋರೇ ಏಳೆಂಟು ಜನ. ಬಂದರೂ ತಿಂಡಿ ತಿಂದು ಮಾತಾಡಿ ಹೋಗ್ತಾರೆ. ಮುಚ್ಚಿಬಿಡೋದೇ ಒಳ್ಳೇದು" ಅಂದೆಯಲ್ಲ, ಅದು. ಆಗ ಪಾಪು ಅಳುತ್ತಿದ್ದಳು, ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಇಲ್ಲಿ ವೇಲ್ಸಿನಲ್ಲಿ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಹೆಂಗಸರ ಸಂಘ ಸೇರಿದ್ದು ನಿನಗೆ ಗೊತ್ತು. ಎಲ್ಲರೂ ಡಬ್ಲ್ಯೂಐ ಅಂತಾರೆ. ಬ್ರಿಟನ್ನಿನ ಮೊಟ್ಟಮೊದಲ ಡಬ್ಲ್ಯೂಐ ಶುರುವಾಗಿದ್ದು ನಾವಿರುವ ಇದೇ ಆಂಗ್ಲ್‌ಸಿ ದ್ವೀಪದಲ್ಲಿ, 1915ರ ಸೆಪ್ಟೆಂಬರಿನಲ್ಲಿ. 58 ಅಕ್ಷರದ ಹೆಸರಿರುವ ರೈಲ್ವೆ ಸ್ಟೇಷನ್ನಿನ ಫೋಟೋ ಕಳಿಸಿದ್ದೆನಲ್ಲ, ಆ ಊರೇ. ಆಗ ಮೊದಲ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋಗಿದ್ದರು, ಆಹಾರದ ಚಿಂತೆ ಇತ್ತು. ಕೆನಡಾದಿಂದ ಬಂದ ಮ್ಯಾಜ್ ವಾಟ್ ಅನ್ನುವವರು ಹಳ್ಳಿಯ ಹೆಂಗಸರನ್ನು ಕೂಡಿಸಿ ಇದನ್ನು ಕಟ್ಟಿಸಿದರು.

ಮೂಲ ಇನ್ನೂ ಹಿಂದಿನದು. ಕೆನಡಾದ ಒಂಟಾರಿಯೊದಲ್ಲಿ ಅಡಿಲೇಡ್ ಹುಡ್‌ಲೆಸ್ ಅಂತ ಒಬ್ಬ ತಾಯಿ. ಅವರ ಒಂದು ಹಸುಗೂಸು ತೀರಿಕೊಂಡಿತು. ಕೆಟ್ಟ ಹಾಲು ಕುಡಿದದ್ದೇ ಕಾರಣ ಅಂತ ಅವರು ನಂಬಿದ್ದರು. ಹಾಲನ್ನು ಹೇಗೆ ಶುದ್ಧವಾಗಿಡಬೇಕು, ಮನೆಯ ಆರೋಗ್ಯ ಹೇಗೆ ನೋಡಿಕೊಳ್ಳಬೇಕು ಅಂತ ಹೆಂಗಸರಿಗೆ ಯಾರೂ ಹೇಳಿಕೊಡೋದಿಲ್ಲವಲ್ಲ ಅನ್ನುವ ಸಂಕಟ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. 1897ರಲ್ಲಿ ಸ್ಟೋನಿ ಕ್ರೀಕ್ ಅನ್ನುವ ಹಳ್ಳಿಯಲ್ಲಿ ಮೊದಲ ಸಂಘ ಹುಟ್ಟಿದ್ದು ಹಾಗೆ. ಪಾಪುವಿನ ಹಾಲಿನ ಬಾಟಲಿ ಕುದಿಸುವಾಗ ನನಗೆ ಆಗಾಗ ಆ ತಾಯಿ ನೆನಪಾಗುತ್ತಾರೆ.

ನಮ್ಮ ಸಭೆ ತಿಂಗಳಿಗೊಮ್ಮೆ, ಸಂಜೆ, ಊರ ಹಾಲ್‌ನಲ್ಲಿ. ಕಬ್ಬಿಣದ ಕುರ್ಚಿಗಳನ್ನು ಮೊದಲು ಬಂದವರು ಜೋಡಿಸುತ್ತಾರೆ. ಅಧ್ಯಕ್ಷೆ ಎದ್ದು ನಿಂತು ಹಿಂದಿನ ಸಭೆಯ ವರದಿ ಓದಿಸುತ್ತಾರೆ, ಎಲ್ಲರೂ ಒಪ್ಪಿದ ಮೇಲೆ ಸಹಿ. ಆಮೇಲೆ ಲೆಕ್ಕಪತ್ರ, ಬಂದ ಕಾಗದಗಳು. ನಂತರ ಯಾರಾದರೂ ಒಬ್ಬರು ಬಂದು ಮಾತಾಡುತ್ತಾರೆ. ಒಂದು ಸಲ ಜೇನು ಸಾಕುವವರು, ಇನ್ನೊಂದು ಸಲ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಲೈಫ್‌ಬೋಟಿನವರು. ಕೊನೆಗೆ ಚಹಾ. ಚಹಾದ ಪಾಳಿ ವರ್ಷದ ಶುರುವಿನಲ್ಲೇ ಪಟ್ಟಿಯಾಗಿರುತ್ತದೆ. ಯಾವ ತಿಂಗಳು ಯಾರು ಏನು ತರಬೇಕು ಅಂತ ಗೋಡೆಗೆ ಅಂಟಿಸಿರುತ್ತಾರೆ. ಹಾಗಾಗಿ ಒಬ್ಬರ ಮೇಲೇ ಹೊರೆ ಬೀಳೋದಿಲ್ಲ. ನಿಮ್ಮಲ್ಲಿ ಪ್ರತಿ ಸಲ ನೀನೇ ಎಲ್ಲ ಮಾಡಿಕೊಂಡು ಹೋಗುತ್ತೀಯ, ಅಲ್ವಾ? ನಿನಗೆ ಬೇಜಾರು ಬಂದಿರೋದೇ ಅದಕ್ಕೆ ಅಂತ ನನ್ನ ಅನಿಸಿಕೆ.

ಇನ್ನು ತಿಂಡಿಯ ವಿಷಯ. ಇಲ್ಲಿಯವರು ಅದನ್ನು ತಿಂದು ಮರೆಯುವ ವಸ್ತುವಾಗಿ ನೋಡೋದಿಲ್ಲ. ಎಷ್ಟೋ ತಿಂಗಳು ಒಂದು ಸಣ್ಣ ಸ್ಪರ್ಧೆ ಇರುತ್ತದೆ. ಒಂದು ತಟ್ಟೆಯಲ್ಲಿ ಮೂರು ಸ್ಕೋನ್ (ಬನ್ನಿನಂಥ ತಿಂಡಿ), ಅಥವಾ ಒಂದು ಬಾಟಲಿ ಜಾಮ್, ಅಥವಾ ವಿಕ್ಟೋರಿಯಾ ಸ್ಪಾಂಜ್ ಕೇಕ್. ಈ ಸ್ಪಾಂಜಿಗೆ ಒಂದು ಕಟ್ಟಳೆ ಇದೆ. ಮೊಟ್ಟೆಯನ್ನು ಸಿಪ್ಪೆ ಸಮೇತ ತೂಗಬೇಕು. ಅದೆಷ್ಟು ತೂಗುತ್ತದೋ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಹಿಟ್ಟು. ಎರಡು ಬಿಲ್ಲೆಯ ನಡುವೆ ರಾಸ್‌ಬೆರ್ರಿ ಜಾಮ್ ಮಾತ್ರ, ಕ್ರೀಮ್ ಹಾಕುವಂತಿಲ್ಲ. ಮೇಲೆ ಸಣ್ಣ ಸಕ್ಕರೆ ಉದುರಿಸಿದರೆ ಮುಗಿಯಿತು.

ತೀರ್ಪುಗಾರರು ನೋಡುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ ಅಮ್ಮ. ಮೊದಲು ಬಗ್ಗಿ ಕೇಕಿನ ಅಂಚನ್ನು ಕಣ್ಣಿನ ಮಟ್ಟದಲ್ಲಿ ನೋಡಿದರು, ಎರಡೂ ಬಿಲ್ಲೆ ಒಂದೇ ದಪ್ಪ ಇವೆಯಾ ಅಂತ. ಆರಲು ಇಟ್ಟಾಗ ತಂತಿ ಜಾಲರಿಯ ಗೆರೆ ಮೇಲ್ಭಾಗಕ್ಕೆ ಬಿದ್ದಿದ್ದರೆ ಅಂಕ ಹೋಯಿತು. ಆಮೇಲೆ ಒಂದು ತುಂಡು ಕತ್ತರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಅದು ಮತ್ತೆ ಮೇಲೆ ಬರುತ್ತದಾ ಅಂತ ನೋಡಿ, ಮೂಸಿ, ಕೊನೆಗೆ ಒಂದು ಚೂರು ಬಾಯಿಗೆ ಹಾಕಿಕೊಂಡರು. ಪ್ರತಿ ತಟ್ಟೆಯ ಪಕ್ಕ ಒಂದು ಚೀಟಿ. "ರುಚಿ ತುಂಬ ಚೆನ್ನಾಗಿದೆ, ಇನ್ನು ಎರಡು ನಿಮಿಷ ಬೇಯಬೇಕಿತ್ತು" ಅಂತ ಒಂದರಲ್ಲಿ ಇತ್ತು. ಆ ಕೇಕ್ ಮಾಡಿದಾಕೆಗೆ ಎಂಬತ್ತು ದಾಟಿದೆ. ಚೀಟಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡರು. ಅಡುಗೆಮನೆಯಲ್ಲಿ ಜೀವಮಾನ ಕಳೆದ ಹೆಂಗಸಿನ ಕೆಲಸವನ್ನು ಒಬ್ಬರು ಇಷ್ಟು ಗಮನ ಕೊಟ್ಟು ನೋಡಿ, ಬರೆದು ಕೊಡುವುದಿದೆಯಲ್ಲ, ಅದು ನನಗೆ ತುಂಬ ದೊಡ್ಡದಾಗಿ ಕಂಡಿತು. ನೀನು ಮಾಡಿದ್ದಕ್ಕೆ ಯಾರಾದರೂ ಹಾಗೆ ಬರೆದು ಕೊಟ್ಟಿದ್ದಾರಾ?

ಇದೇ ಅಜ್ಜಿ ನನಗಾಗಿ ವೆಲ್ಷ್ ಕೇಕ್, ಅಂದರೆ ವೇಲ್ಸಿನ ಕೇಕ್, ಬೇರೆ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಂದಿಯ ಕೊಬ್ಬು ಹಾಕುವುದುಂಟು. ನಾನು ತಿನ್ನುವುದಿಲ್ಲ ಅಂತ ತಿಳಿದ ಮೇಲೆ ಬರೀ ಬೆಣ್ಣೆಯಲ್ಲಿ ಮಾಡಿ, ಬೇರೆ ತಟ್ಟೆಯಲ್ಲಿಟ್ಟು, ನನ್ನನ್ನು ಕರೆದು ತೋರಿಸುತ್ತಾರೆ. ಹಿಟ್ಟಿಗೆ ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ, ಮೊಟ್ಟೆ ಸೇರಿಸಿ ಕಲಸಿ, ಲಟ್ಟಿಸಿ, ದುಂಡಗೆ ಕತ್ತರಿಸಿ ಕಬ್ಬಿಣದ ಕಾವಲಿಯ ಮೇಲೆ ಎರಡೂ ಕಡೆ ಬೇಯಿಸೋದು. ಓವನ್ ಬೇಕಾಗಿಲ್ಲ. ಬಿಸಿ ಇರುವಾಗಲೇ ಸಕ್ಕರೆ ಉದುರಿಸುತ್ತಾರೆ. ಬಾರಾ ಬ್ರಿತ್ ಅಂತ ಇನ್ನೊಂದು ಇದೆ, ಒಣದ್ರಾಕ್ಷಿಯನ್ನು ರಾತ್ರಿಯಿಡೀ ಕಡುಚಹಾದಲ್ಲಿ ನೆನೆಹಾಕಿ ಮಾಡುವ ಬ್ರೆಡ್ಡಿನಂಥ ಕೇಕ್. ಎರಡು ದಿನ ಸುತ್ತಿಟ್ಟರೆ ಇನ್ನೂ ರುಚಿ.

ಡಬ್ಲ್ಯೂಐನ ಇಂಥ ಕೈಗಳೇ ಯುದ್ಧಕಾಲದಲ್ಲಿ ದೇಶಕ್ಕೆ ಜಾಮ್ ಮಾಡಿ ಕೊಟ್ಟವು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ ರೇಷನ್ ಆಗಿತ್ತು. ಸರ್ಕಾರ ಡಬ್ಲ್ಯೂಐಗೆ ಸಕ್ಕರೆ ಕೊಟ್ಟಿತು, ಇವರು ಹಳ್ಳಿಯ ಹಾಲ್‌ಗಳಲ್ಲಿ, ಅಡುಗೆಮನೆಗಳಲ್ಲಿ ಒಲೆ ಹಚ್ಚಿದರು. 1940ರಿಂದ 1945ರವರೆಗೆ 5,300 ಟನ್ನಿಗಿಂತ ಜಾಸ್ತಿ ಹಣ್ಣು ಕೊಳೆಯದೆ ಉಳಿಯಿತು.

ಬರೀ ಅಡುಗೆಯಷ್ಟೇ ಅಂದುಕೊಳ್ಳಬೇಡ. ಪ್ರತಿ ವರ್ಷ ಊರೂರಿನ ಸದಸ್ಯರು ಬೇಡಿಕೆಗಳನ್ನು ಕಳಿಸುತ್ತಾರೆ. ನಾವೂ ನಮ್ಮ ಸಭೆಯಲ್ಲಿ ಚರ್ಚೆ ಮಾಡಿ ಕೈ ಎತ್ತುತ್ತೇವೆ. ಕೊನೆಗೆ ವಾರ್ಷಿಕ ಮಹಾಸಭೆಯಲ್ಲಿ ಮತ ಹಾಕಿ ನಿರ್ಣಯ ಮಾಡುತ್ತಾರೆ. 1943ರಲ್ಲೇ ಗಂಡಸರಿಗೂ ಹೆಂಗಸರಿಗೂ ಒಂದೇ ಕೆಲಸಕ್ಕೆ ಒಂದೇ ಸಂಬಳ ಬೇಕು ಅಂತ ನಿರ್ಣಯ ಮಾಡಿದ್ದರು. ರಸ್ತೆಬದಿಯ ಕಸದ ವಿರುದ್ಧ ಇವರು 1954ರಲ್ಲಿ ಮಾಡಿದ ನಿರ್ಣಯದಿಂದ 'ಕೀಪ್ ಬ್ರಿಟನ್ ಟೈಡಿ', ಅಂದರೆ ಬ್ರಿಟನ್ನನ್ನು ಚೊಕ್ಕವಾಗಿಡಿ ಅನ್ನುವ ದೊಡ್ಡ ಆಂದೋಲನವೇ ಹುಟ್ಟಿತು. ಕಸದ ಗಾಡಿ ನಿಮ್ಮ ಬೀದಿಗೆ ಬರೋದಿಲ್ಲ ಅಂತ ನೀವು ಚಹಾ ಕುಡಿಯುತ್ತಾ ಬೈದುಕೊಳ್ಳುತ್ತೀರಲ್ಲ, ಅದನ್ನೇ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ ಕೊಟ್ಟರೆ ಅರ್ಜಿಯಾಗುತ್ತದೆ.

ಜಗಳವೂ ಆಗಿದೆ. ವೇಲ್ಸಿನ ಬಾಲಾ ಅನ್ನುವ ಊರಿನ ಹತ್ತಿರದ ಪಾರ್ಕ್ ಹಳ್ಳಿಯ ಡಬ್ಲ್ಯೂಐ ಹೆಂಗಸರು ಕಾಗದಪತ್ರವೆಲ್ಲ ವೆಲ್ಷ್ ಭಾಷೆಯಲ್ಲೇ ಇರಲಿ ಅಂತ ಪಟ್ಟು ಹಿಡಿದರು. ಮೇಲಿನವರು ಒಪ್ಪಲಿಲ್ಲ. 1967ರಲ್ಲಿ ಅವರು ಹೊರಬಂದು ಮೆರ್ಖೆದ್ ಅ ವೌರ್ ಅಂತ ತಮ್ಮದೇ ಸಂಘ ಕಟ್ಟಿದರು. ಅದು ಇವತ್ತಿಗೂ ವೇಲ್ಸ್ ತುಂಬ ಇದೆ. ತಮ್ಮ ಮಾತಿಗಾಗಿ ಅವರು ಹಾಗೆ ಎದ್ದು ಬಂದದ್ದು ನನಗೆ ಬಹಳ ಹಿಡಿಸಿತು.

ಅದಕ್ಕೇ ಕೇಳುತ್ತಿದ್ದೇನೆ, ಏಳೆಂಟು ಜನ ಅಂತ ಸಂಘ ಮುಚ್ಚಬೇಡ. ಚಳಿಗಾಲದಲ್ಲಿ ಮಳೆಗಾಳಿ ಜೋರಾದರೆ ನಮ್ಮಲ್ಲೂ ಬರೋರು ಕಡಿಮೆ. ಆಗಲೂ ವರದಿ ಓದುತ್ತಾರೆ, ಚಹಾ ಇರುತ್ತದೆ. ನೀನು ಒಂದೆರಡು ತಿಂಗಳು ಸುಮ್ನೆ ಸದಸ್ಯೆಯಾಗಿ ಹೋಗಿ ಕೂತುಕೋ. ತಿಂಡಿಯ ಪಾಳಿ ಹಂಚಿಬಿಡು. ವರದಿ ಬರೆಯೋ ಕೆಲಸ ಅತ್ತಿಗೆಗೆ ಕೊಡು, ಅವಳ ಅಕ್ಷರ ಚೆಂದ, ಮನೆಯಿಂದ ಹೊರಗೆ ಬರೋಕೆ ಅವಳಿಗೂ ಒಂದು ನೆಪ ಬೇಕು. ಮುಂದಿನ ಸಭೆ ಯಾವತ್ತು ಅಂತ ತಿಳಿಸು. ಆ ದಿನ ಫೋನ್ ಮಾಡುತ್ತೇನೆ, ಸ್ಪೀಕರಿನಲ್ಲಿ ಹಾಕು, ಎಲ್ಲರ ಹತ್ತಿರವೂ ಮಾತಾಡುತ್ತೇನೆ.

ಅಪ್ಪನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಪಾಪುವಿಗೆ ಎರಡು ಹಲ್ಲು ಬಂದಿವೆ, ಫೋಟೋ ಜೊತೆಗಿಟ್ಟಿದ್ದೇನೆ.

ನಿನ್ನ ಪ್ರೀತಿಯ ಮಗಳು